ಫೇರ್‌ಫ್ಯಾಕ್ಸ್ ಕೌಂಟಿ ಪೊಲೀಸ್: ದುಡ್ಡು ಎಲ್ಲಿಗೆ, ಕೆಲಸ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಊಟದ ಸಾಲಿನಲ್ಲಿ, ಮಕ್ಕಳ ಕನ್ನಡ ಕ್ಲಾಸ್ ಮುಗಿಯಲಿ ಅಂತ ಕಾಯುವಾಗ, ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಮನೆ ಮಾಡಿರುವ ನಮ್ಮವರು ಕೇಳಿದ್ದೇ ಜಾಸ್ತಿ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಕೇಳಿದ್ದೂ ಇದೆ. ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ನಾನು ಪೊಲೀಸ್ ಅಲ್ಲ, ವಕೀಲನೂ ಅಲ್ಲ. ವರ್ಷಕ್ಕೊಮ್ಮೆ ಬಜೆಟ್ ಪುಸ್ತಕ ತಿರುವಿ ಹಾಕುವ ಚಟ ಇರುವ ತೆರಿಗೆದಾರ, ಅಷ್ಟೇ.

## ಮೊದಲು ಬುಡದಿಂದ

ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗಾ? ಹಾಗಾದ್ರೆ ಇಲ್ಲಿನ ಪೊಲೀಸ್ ಚೀಫ್ ಅಂದ್ರೆ ಎಸ್‌ಪಿ ತಾನೇ?

ನೋಡೋಕೆ ಹಾಗೇ ಕಾಣುತ್ತದೆ. ಫೇರ್‌ಫ್ಯಾಕ್ಸ್ ಸುಮಾರು 1,000 ಚದರ ಕಿಲೋಮೀಟರ್ ಇದೆ, ಅಂದರೆ ಬೆಂಗಳೂರು ನಗರ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. 2020ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 11.5 ಲಕ್ಷ ಜನ.

ವ್ಯತ್ಯಾಸ ಇರುವುದು ಯಜಮಾನಿಕೆಯಲ್ಲಿ. ನಮ್ಮ ಎಸ್‌ಪಿಯನ್ನು ಕಳಿಸುವುದು, ವರ್ಗ ಮಾಡುವುದು, ಸಂಬಳ ಕೊಡುವುದು ಎಲ್ಲ ರಾಜ್ಯ ಸರ್ಕಾರ. ಇಲ್ಲಿ ಆ ಕೆಲಸ ಕೌಂಟಿಯದೇ. ಜನ ಆರಿಸಿದ ಹತ್ತು ಮಂದಿಯ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಪೊಲೀಸ್ ಚೀಫ್ ಅನ್ನು ನೇಮಿಸುತ್ತದೆ. ಇಲಾಖೆಗೆ ಎಷ್ಟು ದುಡ್ಡು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಬಾಲ್ಟಿಮೋರ್ ನಗರದ ಪೊಲೀಸ್ ಕಮಿಷನರ್ ಆಗಿದ್ದ ಕೆವಿನ್ ಡೇವಿಸ್ 2021ರಲ್ಲಿ ಇಲ್ಲಿಗೆ ಚೀಫ್ ಆಗಿ ಬಂದದ್ದು ಹೀಗೆ. ಒಂದೂರಿನ ಕೆಲಸ ಬಿಟ್ಟು ಇನ್ನೊಂದೂರಲ್ಲಿ ಅರ್ಜಿ ಹಾಕಿದ ಹಾಗೆ. ನಮ್ಮ ಕಡೆ ಇದನ್ನು ಊಹಿಸಿಕೊಳ್ಳುವುದೂ ಕಷ್ಟ.

ಶೆರಿಫ್ ಬೇರೆ, ಪೊಲೀಸ್ ಬೇರೆ ಅಂತಾರೆ. ಎರಡೆರಡು ಯಾಕೆ?

ಮೊದಲು ಇಲ್ಲೂ ಶೆರಿಫ್ ಒಬ್ಬರೇ ಇದ್ದರು. 1940ರ ಜುಲೈ 1ರಂದು ಕೌಂಟಿ ತನ್ನದೇ ಪೊಲೀಸ್ ಇಲಾಖೆ ಶುರು ಮಾಡಿತು. ಆಮೇಲೆ ಶೆರಿಫ್ ಕಡೆ ಉಳಿದದ್ದು ಜೈಲು, ಕೋರ್ಟಿನ ಭದ್ರತೆ, ಸಮನ್ಸ್ ಕೊಡುವಂಥ ಕೆಲಸ. ಗಸ್ತು, ತನಿಖೆ, ಟ್ರಾಫಿಕ್ ಎಲ್ಲ ಪೊಲೀಸರದು. ಶೆರಿಫ್ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ, ಚೀಫ್ ನೇಮಕವಾಗಿ ಬರುತ್ತಾರೆ.

ಪಕ್ಕದ ಲೌಡೌನ್ ಕೌಂಟಿಯಲ್ಲಿ ಇಂದಿಗೂ ಎಲ್ಲ ಕೆಲಸ ಶೆರಿಫ್ ಕಚೇರಿಯದೇ. ಆಶ್‌ಬರ್ನ್‌ನಲ್ಲಿರುವ ನಮ್ಮವರಿಗೆ ಈ ಪುಟದ ದುಡ್ಡಿನ ಲೆಕ್ಕ ಅನ್ವಯಿಸುವುದಿಲ್ಲ.

ನಮ್ಮ ಅಡ್ರೆಸ್ ಹರ್ನ್‌ಡನ್. ಹಾಗಾದ್ರೆ ನಮ್ಮ ಪೊಲೀಸ್ ಯಾರು?

ಹೆಚ್ಚಿನವರು ಎಡವುವುದು ಇಲ್ಲೇ. ಹರ್ನ್‌ಡನ್ ಮತ್ತು ವಿಯೆನ್ನಾ ಪಟ್ಟಣಗಳಿಗೆ ಸ್ವಂತ ಪೊಲೀಸ್ ಇದೆ. ಆದರೆ ಅಂಚೆ ವಿಳಾಸದಲ್ಲಿ ಹರ್ನ್‌ಡನ್ ಅಂತ ಇರುವ ಎಷ್ಟೋ ಮನೆಗಳು ಪಟ್ಟಣದ ಗಡಿಯ ಹೊರಗಿವೆ. ಅವು ಕೌಂಟಿ ಪೊಲೀಸರ ಪಾಲು. ಟ್ಯಾಕ್ಸ್ ಬಿಲ್ ತೆಗೆದು ನೋಡಿ: ಪಟ್ಟಣಕ್ಕೆ ಬೇರೆ ತೆರಿಗೆ ಕಟ್ಟುತ್ತಿದ್ದರೆ ಪಟ್ಟಣದ ಪೊಲೀಸ್, ಇಲ್ಲದಿದ್ದರೆ ಕೌಂಟಿ. ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಇನ್ನೊಂದು ಪೊಲೀಸ್, ಮೆಟ್ರೋ ರೈಲಿಗೆ ಮತ್ತೊಂದು. ಫೇರ್‌ಫ್ಯಾಕ್ಸ್ ಸಿಟಿಯಂತೂ ಹೆಸರು ಒಂದೇ ಆದರೂ ಕೌಂಟಿಗೆ ಸೇರಿದ್ದೇ ಅಲ್ಲ.

911ಗೆ ಫೋನ್ ಮಾಡಿದ್ರೆ ಸ್ಟೇಷನ್‌ಗೆ ಹೋಗುತ್ತಾ? ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಏನು ಮಾಡೋದು?

ಸ್ಟೇಷನ್‌ಗೆ ಹೋಗುವುದಿಲ್ಲ. ಊರಿನ 112 ಇದ್ದ ಹಾಗೆ ಒಂದು ಕೇಂದ್ರಕ್ಕೆ ಹೋಗುತ್ತದೆ. ಅದು ಪೊಲೀಸ್ ಇಲಾಖೆಯದಲ್ಲ, ಕೌಂಟಿಯ ಬೇರೆಯೇ ಇಲಾಖೆ, ಅದರ ಬಜೆಟ್ಟೂ ಬೇರೆ. ಅಮ್ಮನಿಗೆ ಎರಡೇ ಮಾತು ಕಲಿಸಿಡಿ: ಮನೆ ವಿಳಾಸ, ಮತ್ತು "ಕನ್ನಡ". ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುವ ವ್ಯವಸ್ಥೆ ಇದೆ, ಆದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ವಿಳಾಸ ಮೊದಲೇ ಹೇಳಿದರೆ ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ.

ಪಕ್ಕದ ಮನೆಯ ಗಲಾಟೆ, ರಾತ್ರಿ ಒಡೆದ ಕಾರಿನ ಗಾಜು, ಇಂಥದ್ದಕ್ಕೆ 703-691-2131.

## ದುಡ್ಡಿನ ಲೆಕ್ಕ

ನಾನು ಕಟ್ಟೋ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಪೊಲೀಸರಿಗೆ ಎಷ್ಟು ಹೋಗುತ್ತೆ?

ಅಂದಾಜು ಲೆಕ್ಕ ಹಾಕೋಣ. 2026ರ ಹಣಕಾಸು ವರ್ಷಕ್ಕೆ (2025ರ ಜುಲೈಯಿಂದ) ಮನೆಯ ಬೆಲೆಯ ಪ್ರತಿ 100 ಡಾಲರ್‌ಗೆ 1.1225 ಡಾಲರ್ ತೆರಿಗೆ. ಏಳು ಲಕ್ಷ ಡಾಲರ್ ಮನೆಗೆ 7,857 ಡಾಲರ್ ಆಯಿತು.

ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೆ ಹೋಗುತ್ತದೆ. ಸುಮಾರು ಹತ್ತರಲ್ಲಿ ಒಂದು ಪಾಲು ಸಾರ್ವಜನಿಕ ಸುರಕ್ಷತೆಗೆ. ಪೊಲೀಸ್, ಅಗ್ನಿಶಾಮಕ, ಶೆರಿಫ್ ಮೂವರೂ ಆ ಒಂದು ಪಾಲಿನಲ್ಲೇ ಹಂಚಿಕೊಳ್ಳಬೇಕು. ಪೊಲೀಸರಿಗೆ ಸಿಗುವುದು ಅದರ ಅರ್ಧಕ್ಕಿಂತ ಕೊಂಚ ಕಡಿಮೆ. ಅಂದರೆ ನಿಮ್ಮ ಬಿಲ್ಲಿನಲ್ಲಿ 300ರಿಂದ 400 ಡಾಲರ್. ತಿಂಗಳಿಗೆ ಒಂದು ಮೊಬೈಲ್ ಬಿಲ್ ಅಂದುಕೊಳ್ಳಿ.

ಒಂದು ಮಾತು ಗಮನದಲ್ಲಿರಲಿ. ಬಜೆಟ್ ಪುಸ್ತಕದಲ್ಲಿ ಪೊಲೀಸ್ ಅಧ್ಯಾಯದ ತಲೆಯ ಮೇಲೆ ಕಾಣುವ ಮೊತ್ತ ಪೂರ್ತಿ ಖರ್ಚಲ್ಲ. ಪಿಂಚಣಿ, ಆರೋಗ್ಯ ವಿಮೆ ಇವೆಲ್ಲ ಬೇರೆ ಕಡೆ ಬರೆದಿರುತ್ತವೆ. ಪೊಲೀಸ್ ಖರ್ಚಿನ ಬಗ್ಗೆ ವಾದ ಮಾಡುವ ಇಬ್ಬರು ಬೇರೆ ಬೇರೆ ಅಂಕಿ ಹಿಡಿದು ಜಗಳ ಆಡುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ.

ದುಡ್ಡೆಲ್ಲ ಹೆಲಿಕಾಪ್ಟರ್, ಕ್ಯಾಮೆರಾ, ಹೊಸ ಕಾರು ಅಂತ ಹೋಗುತ್ತಾ?

ಇಲ್ಲ. ಬಹುಪಾಲು ಸಂಬಳ ಮತ್ತು ಓವರ್‌ಟೈಮ್. ಕಣ್ಣಿಗೆ ಬೀಳುವುದು ಮಾತ್ರ ಹೆಲಿಕಾಪ್ಟರ್. ರಾತ್ರಿ ಹನ್ನೊಂದಕ್ಕೆ ಮನೆ ಮೇಲೆ ಗಿರಕಿ ಹೊಡೆದರೆ ಬೀದಿಯವರೆಲ್ಲ ಎದ್ದು ಕೂರುತ್ತಾರೆ. ಅದೇ ಹೆಲಿಕಾಪ್ಟರ್ ಅಪಘಾತದಲ್ಲಿ ಪೆಟ್ಟು ತಿಂದವರನ್ನು ಆಸ್ಪತ್ರೆಗೆ ಹೊತ್ತೊಯ್ಯುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಯಂತ್ರ ಕೊಂಡರೂ ಕೊನೆಗೆ ಖರ್ಚಾಗುವುದು ಮನುಷ್ಯರ ಮೇಲೆ. ಎದೆಗೆ ಸಿಕ್ಕಿಸಿಕೊಳ್ಳುವ ಬಾಡಿ ಕ್ಯಾಮೆರಾ ನೋಡಿ. 2018ರಲ್ಲಿ ಪ್ರಯೋಗ ನಡೆಯಿತು, 2019ರಲ್ಲಿ ಬೋರ್ಡ್ ಒಪ್ಪಿತು, 2020ರಲ್ಲಿ ಒಂದೊಂದೇ ಠಾಣೆಗೆ ಬಂತು. ಅಂಗೈಯಗಲದ ಪೆಟ್ಟಿಗೆ, ಅದಕ್ಕೇನು ಮಹಾ ಖರ್ಚು ಅನಿಸುತ್ತದೆ ಅಲ್ವಾ? ಆದರೆ ಒಬ್ಬ ಪೊಲೀಸ್ ಒಂದು ಪಾಳಿಯಲ್ಲಿ ಗಂಟೆಗಟ್ಟಲೆ ವಿಡಿಯೋ ತೆಗೆಯುತ್ತಾನೆ. ಅದನ್ನು ವರ್ಷಗಟ್ಟಲೆ ಕಾಪಾಡಬೇಕು. ಕೇಸ್ ಕೋರ್ಟಿಗೆ ಹೋದರೆ ಸರ್ಕಾರಿ ವಕೀಲರು ಕೂತು ನೋಡಬೇಕು. ಯಾರಾದರೂ ಪ್ರತಿ ಕೇಳಿದರೆ ಅದರಲ್ಲಿ ಕಾಣುವ ಮಗುವಿನ ಮುಖ, ಮನೆಯ ಒಳಭಾಗ ಮಸುಕು ಮಾಡಿ ಕೊಡಬೇಕು. 75 ಕ್ಯಾಮೆರಾಕ್ಕೆ ಒಬ್ಬ ಸಹಾಯಕ ಸರ್ಕಾರಿ ವಕೀಲರನ್ನು ಕೌಂಟಿ ತನ್ನ ದುಡ್ಡಿನಲ್ಲಿ ಕೊಡಬೇಕು ಅನ್ನುವುದು ವರ್ಜೀನಿಯಾದ ಲೆಕ್ಕ. ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಅಂದರೆ ಎಷ್ಟು ವಕೀಲರಾಯಿತು, ನೀವೇ ಭಾಗಿಸಿ.

ಶಾಲೆ ಮುಂದಿನ ಸ್ಪೀಡ್ ಕ್ಯಾಮೆರಾದ್ದೂ ಇದೇ ಕಥೆ. ಯಂತ್ರ ಫೋಟೋ ಹೊಡೆಯುತ್ತದೆ. ಪ್ರತಿಯೊಂದನ್ನೂ ಒಬ್ಬ ಪೊಲೀಸ್ ಅಧಿಕಾರಿ ನೋಡಿ ಪ್ರಮಾಣ ಮಾಡಿದ ಮೇಲೇ ನಿಮ್ಮ ಮನೆಗೆ ನೋಟಿಸ್ ಬರುವುದು.

ಹೊಸ ಸ್ಟೇಷನ್ ಕಟ್ಟೋಕೆ ನಮ್ಮ ಟ್ಯಾಕ್ಸ್ ಜಾಸ್ತಿ ಮಾಡ್ತಾರಾ?

ಕಟ್ಟಡಕ್ಕೆ ಬೇರೆ ದಾರಿ ಇದೆ. ಕೌಂಟಿ ಬಾಂಡ್ ಮೂಲಕ ಸಾಲ ಎತ್ತುತ್ತದೆ. ಸಾಲ ಮಾಡಬಹುದಾ ಅಂತ ನವೆಂಬರ್ ಮತದಾನದಲ್ಲಿ ಜನರನ್ನೇ ಕೇಳಬೇಕು. 2015ರಲ್ಲಿ 15.1 ಕೋಟಿ ಡಾಲರ್‌ಗೆ, 2018ರಲ್ಲಿ 18.2 ಕೋಟಿ ಡಾಲರ್‌ಗೆ ಜನ ಹೂಂ ಅಂದರು. ಅಗ್ನಿಶಾಮಕ ಠಾಣೆಗಳೂ ಇದರಲ್ಲಿ ಸೇರಿವೆ. ಲಾರ್ಟನ್ ಕಡೆಯ ಸೌತ್ ಕೌಂಟಿ ಠಾಣೆ ಎದ್ದದ್ದು 2015ರ ಬಾಂಡ್‌ನಿಂದ. ಅದು ಒಂಬತ್ತನೆಯ ಠಾಣೆ.

ಕಟ್ಟಡ ಒಂದು ಸಲದ ಖರ್ಚು. ಒಳಗೆ ಕೂರುವ ಜನಕ್ಕೆ ಪ್ರತಿ ತಿಂಗಳೂ ಸಂಬಳ ಬೇಕು, ಅದು ಬಾಂಡ್‌ನಿಂದ ಬರುವುದಿಲ್ಲ. ಹಾಗಾಗಿ ಸೌತ್ ಕೌಂಟಿ ಠಾಣೆಯ ಹುದ್ದೆಗಳನ್ನು ಬಾಗಿಲು ತೆರೆಯುವ ಎಷ್ಟೋ ವರ್ಷ ಮೊದಲಿನಿಂದ ಬಜೆಟ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಬಂದರು. ಒಂದೇ ವರ್ಷ ಹಾಕಿದ್ದರೆ ಭಾರ ತಡೆಯುತ್ತಿರಲಿಲ್ಲ.

ರಾಜ್ಯ ಸರ್ಕಾರ ಏನೂ ಕೊಡಲ್ವಾ?

ಸ್ವಲ್ಪ ಕೊಡುತ್ತದೆ. ಇಲ್ಲಿನವರು ಅದನ್ನು "599 ಹಣ" ಅನ್ನುತ್ತಾರೆ, 1979ರ ಮಸೂದೆಯ ನಂಬರ್ ಅದು. ನಗರಗಳು ಪಕ್ಕದ ಕೌಂಟಿಯ ಜಾಗ ಸೇರಿಸಿಕೊಳ್ಳುವುದಕ್ಕೆ ಆಗ ರಾಜ್ಯ ತಡೆ ಹಾಕಿತು. ಆ ರಾಜಿಯ ಭಾಗವಾಗಿ ಸ್ವಂತ ಪೊಲೀಸ್ ಇಟ್ಟುಕೊಂಡ ಊರುಗಳಿಗೆ, ಕೌಂಟಿಗಳಿಗೆ ಸಹಾಯಧನ ಶುರುವಾಯಿತು. ಆದರೂ ಹೆಚ್ಚಿನ ಹೊರೆ ಹೊರುವುದು ಮನೆ ಮಾಲೀಕರೇ.

ಪೊಲೀಸ್ ಕೆಲಸಕ್ಕೆ ಜನ ಸಿಗ್ತಿಲ್ಲ ಅಂತಾರಲ್ಲ, ನಿಜಾನಾ?

ನಿಜವಾಗಿತ್ತು, ಅದೂ ಜೋರಾಗಿ. 2022ರ ಬೇಸಿಗೆಯಲ್ಲಿ ಸುಮಾರು 200 ಹುದ್ದೆ ಖಾಲಿ ಇದ್ದವು. ಇಲಾಖೆಯ ಒಟ್ಟು ಹುದ್ದೆ 1,500ರ ಆಸುಪಾಸು ಅಂದುಕೊಂಡರೆ ಏಳೆಂಟು ಕುರ್ಚಿಯಲ್ಲಿ ಒಂದು ಖಾಲಿ. ಚೀಫ್ ಸಿಬ್ಬಂದಿ ತುರ್ತು ಪರಿಸ್ಥಿತಿ ಘೋಷಿಸಿದರು. ಓವರ್‌ಟೈಮ್ ಕಡ್ಡಾಯವಾಯಿತು, ಬೇರೆ ವಿಭಾಗದವರೂ ಗಸ್ತಿಗೆ ಇಳಿಯಬೇಕಾಯಿತು.

ಮೊದಲಿಗೆ ನನಗೂ ಒಂದು ತಪ್ಪು ಕಲ್ಪನೆ ಇತ್ತು: ಹುದ್ದೆ ಖಾಲಿ ಇದ್ದರೆ ದುಡ್ಡು ಉಳಿಯುತ್ತದಲ್ಲ ಅಂತ. ಹಾಗಾಗುವುದಿಲ್ಲ. ಉಳಿದ ಸಂಬಳವನ್ನು ಓವರ್‌ಟೈಮ್ ತಿಂದುಹಾಕುತ್ತದೆ. ದಣಿದವರು ಬಿಟ್ಟು ಹೋಗುತ್ತಾರೆ, ಖಾಲಿ ಜಾಗ ಇನ್ನೂ ಹೆಚ್ಚುತ್ತದೆ. ಹೊಸಬರನ್ನು ಇಂದು ಆರಿಸಿದರೂ ಶಾಂಟಿಲಿಯ ತರಬೇತಿ ಅಕಾಡೆಮಿಯಲ್ಲಿ ಸುಮಾರು ಆರು ತಿಂಗಳು, ಆಮೇಲೆ ಅನುಭವಸ್ಥರ ಪಕ್ಕದ ಸೀಟಿನಲ್ಲಿ ಕೆಲವು ತಿಂಗಳು. ಒಬ್ಬರೇ ಕಾರು ತೆಗೆದುಕೊಂಡು ಹೊರಡುವಷ್ಟರಲ್ಲಿ ಇನ್ನೊಂದು ಬಜೆಟ್ ಬಂದಿರುತ್ತದೆ.

ಅದಕ್ಕೇ ಆಮೇಲಿನ ಬಜೆಟ್‌ಗಳಲ್ಲಿ ಸಂಬಳದ ಮಾತೇ ಮುಂದೆ ಬಂತು. ನೌಕರರ ಸಂಘದ ಜೊತೆ ಕೂತು ಸಂಬಳ ಮಾತಾಡುವುದಕ್ಕೆ ವರ್ಜೀನಿಯಾ 2021ರ ಮೇ ತಿಂಗಳಿನಿಂದ ಅವಕಾಶ ಕೊಟ್ಟಿತು. ಫೇರ್‌ಫ್ಯಾಕ್ಸ್ ಪೊಲೀಸರ ಮೊದಲ ಒಪ್ಪಂದ ಜಾರಿಗೆ ಬಂದದ್ದು 2024ರ ಜುಲೈಯಲ್ಲಿ. ಈಗ ಬೋರ್ಡ್ ಬಜೆಟ್‌ಗೆ ಕೂರುವ ಮೊದಲೇ ದೊಡ್ಡ ಪಾಲು ಒಪ್ಪಂದದಲ್ಲಿ ಬರೆದಾಗಿರುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ, ಖಾಲಿ ಕುರ್ಚಿಗೆ ಓವರ್‌ಟೈಮ್ ಕೊಡುವುದಕ್ಕಿಂತ ಕೂತವರಿಗೆ ಸರಿಯಾದ ಸಂಬಳ ಕೊಡುವುದು ಮೇಲು ಅನ್ನುವವನು ನಾನು.

## ರಸ್ತೆಯಲ್ಲಿ, ಮನೆಯಲ್ಲಿ

ಹಿಂದಿನಿಂದ ನೀಲಿ ಲೈಟ್ ಹಾಕಿದ್ರು. ಕಾರಿಂದ ಇಳಿದು ಹೋಗಿ ಮಾತಾಡ್ಬೇಕಾ?

ಬೇಡ! ಊರಿನ ಅಭ್ಯಾಸ ಇಲ್ಲಿ ಅಪಾಯ. ಅಲ್ಲಿ ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಡಾಕ್ಯುಮೆಂಟ್ ಹಿಡಿದುಕೊಂಡು ಸಾಹೇಬರ ಹತ್ತಿರ ನಾವೇ ಹೋಗುತ್ತೇವೆ. ಇಲ್ಲಿ ಇಳಿದರೆ ಬೆದರಿಕೆ ಅಂದುಕೊಳ್ಳುತ್ತಾರೆ. ಬಲಕ್ಕೆ ನಿಲ್ಲಿಸಿ, ಗಾಜು ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಡಿ. ರಾತ್ರಿಯಾದರೆ ಒಳಗಿನ ಲೈಟ್ ಹಾಕಿ. ಅವರು ಎಷ್ಟೋ ಸಲ ಡ್ರೈವರ್ ಕಡೆ ಬಿಟ್ಟು ಆ ಕಡೆಯ ಕಿಟಕಿಗೆ ಬರುತ್ತಾರೆ, ಗಾಬರಿಯಾಗಬೇಡಿ. ಡ್ರಾಯರಿನಿಂದ ಕಾಗದ ತೆಗೆಯುವ ಮೊದಲು "ತೆಗೆಯುತ್ತೇನೆ" ಅಂತ ಹೇಳಿ ತೆಗೆಯಿರಿ.

ವೇಗದ ವಿಷಯಕ್ಕೆ ಬಂದರೆ, ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಅಥವಾ 85 ಮೈಲಿ ದಾಟಿದರೆ ಅದು ಬರೀ ದಂಡದ ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸ್ ಆಗಬಹುದು. 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ವೀಸಾ ಫಾರಂನಲ್ಲಿ ಉತ್ತರ ಹೇಳಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಕೋರ್ಟಿಗೆ ಹೋಗುವ ಮೊದಲು ವಕೀಲರನ್ನು ಕೇಳಿ.

2021ರ ಮಾರ್ಚ್‌ನಿಂದ ಇನ್ನೊಂದು ಬದಲಾವಣೆಯಾಗಿದೆ. ಕನ್ನಡಿಗೆ ನೇತುಹಾಕಿದ ಮಾಲೆ, ಗಾಜಿನ ಕಪ್ಪು ಫಿಲ್ಮ್, ಇಂಥ ಕಾರಣ ಒಂದಕ್ಕೇ ಗಾಡಿ ನಿಲ್ಲಿಸುವ ಹಾಗಿಲ್ಲ. ಗಣಪತಿ ನೇತಾಡುತ್ತಿದ್ದರೆ ನೇತಾಡಲಿ.

ನಮ್ಮವರ ಮನೆಗೇ ಬಂಗಾರಕ್ಕೆ ನುಗ್ತಾರಂತೆ, ಹೌದಾ?

ಹೌದು. ದಕ್ಷಿಣ ಏಷ್ಯಾದ ಮನೆಗಳಲ್ಲಿ ಬಂಗಾರ ಇರುತ್ತದೆ ಅಂತ ಕಳ್ಳರಿಗೂ ಗೊತ್ತು. ಈ ಭಾಗದ ಪೊಲೀಸರು ಈ ಬಗ್ಗೆ ಹಲವು ಸಲ ಎಚ್ಚರಿಸಿದ್ದಾರೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಹಿಂದಿನ ಬಾಗಿಲು ಒಡೆದು, ನೇರ ಬೆಡ್‌ರೂಮಿನ ಬೀರುವಿಗೆ. ಟಿವಿ, ಲ್ಯಾಪ್‌ಟಾಪ್ ಮುಟ್ಟುವುದೂ ಇಲ್ಲ.

ಬಂಗಾರ ಬ್ಯಾಂಕ್ ಲಾಕರಿನಲ್ಲಿರಲಿ. ಪ್ರತಿ ಒಡವೆಯ ಫೋಟೋ ಇಟ್ಟುಕೊಳ್ಳಿ. ಎಷ್ಟೋ ಗೃಹ ವಿಮೆಗಳು ಕಳುವಾದ ಒಡವೆಗೆ 1,500 ಡಾಲರ್ ಮೇಲೆ ಕೊಡುವುದಿಲ್ಲ, ಬೇರೆ ವಿಮೆ ಮಾಡಿಸಬೇಕು. ಠಾಣೆಯ ಅಪರಾಧ ತಡೆ ಅಧಿಕಾರಿಯನ್ನು ಕೇಳಿದರೆ ಮನೆಗೆ ಬಂದು ಯಾವ ಬಾಗಿಲು ಸಡಿಲ, ಯಾವ ಗಿಡ ಕಿಟಕಿಗೆ ಮರೆ ಅಂತ ತೋರಿಸುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ. ಪೊಲೀಸರನ್ನ ಕರೆಯೋಕೆ ಭಯ ಆಗುತ್ತೆ.

ಈ ಭಯಕ್ಕೆ ಕಾರಣ ಇದೆ. 2015ರಲ್ಲಿ ಕೌಂಟಿ ಜೈಲಿನಲ್ಲಿ ಮಾನಸಿಕ ಕಾಯಿಲೆಯಿದ್ದ ಒಬ್ಬ ಹೆಂಗಸಿನ ಮೇಲೆ ಶಾಕ್ ಕೊಡುವ ಸ್ಟನ್ ಗನ್ ಬಳಸಿದರು, ಆಕೆ ತೀರಿಕೊಂಡರು. ಮುಂದಿನ ವರ್ಷವೇ ಕೌಂಟಿ "ಡೈವರ್ಷನ್ ಫಸ್ಟ್" ಶುರು ಮಾಡಿತು: ಸಣ್ಣ ಅಪರಾಧಕ್ಕೆ ಜೈಲಿನ ಬದಲು ಚಿಕಿತ್ಸೆ. ಮೆರಿಫೀಲ್ಡ್‌ನ ಕೇಂದ್ರ ಹಗಲೂ ರಾತ್ರಿ ತೆರೆದಿರುತ್ತದೆ. 2021ರಿಂದ ತರಬೇತಿ ಪಡೆದ ಪೊಲೀಸ್ ಜೊತೆ ಮನೋಆರೋಗ್ಯ ತಜ್ಞರೂ ಒಂದೇ ಗಾಡಿಯಲ್ಲಿ ಬರುವ ತಂಡಗಳಿವೆ, ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ.

ಪ್ರಾಣಾಪಾಯ ಇಲ್ಲದಿದ್ದರೆ ಮೊದಲು ಮಾನಸಿಕ ಸಂಕಷ್ಟದ ಸಹಾಯವಾಣಿ 988ಕ್ಕೆ ಮಾಡಿ. 911ಗೇ ಮಾಡಬೇಕಾಗಿ ಬಂದರೆ ಮೊದಲ ವಾಕ್ಯದಲ್ಲೇ ಇದು ಮಾನಸಿಕ ಕಾಯಿಲೆ ಅಂತ, ಮನೆಯಲ್ಲಿ ಆಯುಧ ಇದೆಯೋ ಇಲ್ಲವೋ ಅಂತ ಹೇಳಿ.

ದೂರು ಕೊಡೋಕೆ ಹೋದ್ರೆ ವೀಸಾ ಕೇಳ್ತಾರಾ?

ಕೌಂಟಿ ಬೋರ್ಡ್ 2021ರ ಜನವರಿಯಲ್ಲಿ "ಟ್ರಸ್ಟ್ ಪಾಲಿಸಿ" ಒಪ್ಪಿತು. ಕಾನೂನು ಬೇಡದ ಹೊರತು ಕೌಂಟಿ ನೌಕರರು, ಪೊಲೀಸರೂ ಸೇರಿ, ವಲಸೆ ಸ್ಥಿತಿ ಕೇಳುವ ಹಾಗಿಲ್ಲ. ಆದರೆ ಬಂಧನವಾಗಿ ಜೈಲಿನಲ್ಲಿ ಬೆರಳಚ್ಚು ಕೊಟ್ಟರೆ ಅದು ಕೇಂದ್ರ ಸರ್ಕಾರದ ಕಣ್ಣಿಗೂ ಬೀಳುತ್ತದೆ, ಅದು ಕೌಂಟಿಯ ಕೈಯಲ್ಲಿಲ್ಲ. ಗಂಡ ಹೊಡೆಯುತ್ತಾನೆ, ಡಿಪೆಂಡೆಂಟ್ ವೀಸಾ, ಯಾರಿಗೆ ಹೇಳಲಿ ಅಂತ ಸುಮ್ನೆ ಇರುವ ಹೆಣ್ಣುಮಕ್ಕಳಿಗೆ ಇದನ್ನು ದಯವಿಟ್ಟು ತಿಳಿಸಿ.

## ಪೊಲೀಸರ ಮೇಲೆ ಕಣ್ಣು ಇಡುವುದು

ರಸ್ತೆ ಪಕ್ಕ ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಹಾಕಿದಾರೆ. ನಾನು ಎಲ್ಲಿ ಹೋದೆ ಅಂತ ಎಷ್ಟು ದಿನ ಇಟ್ಕೋತಾರೆ?

ಇದಕ್ಕೆ ಫೇರ್‌ಫ್ಯಾಕ್ಸ್‌ನದೇ ದೊಡ್ಡ ಕೇಸ್ ಇದೆ. ಹಿಂದೆ ಇಲಾಖೆ ಈ ದಾಖಲೆಯನ್ನು 364 ದಿನ ಇಟ್ಟುಕೊಳ್ಳುತ್ತಿತ್ತು. ನನ್ನ ಮೇಲೆ ಅನುಮಾನವೇ ಇಲ್ಲದಾಗ ಯಾಕೆ ಇಡುತ್ತೀರಿ ಅಂತ ಇಲ್ಲಿನವರೊಬ್ಬರು 2015ರಲ್ಲಿ ಕೋರ್ಟಿಗೆ ಹೋದರು. 2019ರಲ್ಲಿ ಅವರು ಗೆದ್ದರು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಪೊಲೀಸರ ಪರ ಹೇಳಿತು. ಕೊನೆಗೆ ಶಾಸಕರು ಕಾನೂನು ಮಾಡಿದರು: 2025ರ ಜುಲೈ 1ರಿಂದ ವರ್ಜೀನಿಯಾದಲ್ಲಿ 21 ದಿನ, ಅದಾದ ಮೇಲೆ ಅಳಿಸಬೇಕು. ತನಿಖೆಗೆ ಬೇಕಾದದ್ದು ಮಾತ್ರ ಉಳಿಯಬಹುದು. ಕೋರ್ಟಿನಲ್ಲಿ ಸೋತದ್ದು ಹೀಗೆ ಸುತ್ತಿ ಬಳಸಿ ಸಿಕ್ಕಿತು.

ಪೊಲೀಸರೇ ತಪ್ಪು ಮಾಡಿದ್ರೆ? ಕೇಳೋರು ಯಾರಾದ್ರೂ ಇದಾರಾ?

ಇದ್ದಾರೆ. ಬಂದದ್ದು ಮಾತ್ರ ಸಾವಿನ ಬೆಲೆ ಕೊಟ್ಟು. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜಾನ್ ಗೀರ್ ಎಂಬವರು ತಮ್ಮ ಮನೆ ಬಾಗಿಲಲ್ಲೇ ಪೊಲೀಸ್ ಗುಂಡಿಗೆ ಸತ್ತರು. ಕೈಯಲ್ಲಿ ಆಯುಧ ಇರಲಿಲ್ಲ. ಗುಂಡು ಹಾರಿಸಿದವರು ಯಾರು ಅಂತ ಜನಕ್ಕೆ ತಿಳಿಯುವುದಕ್ಕೇ ವರ್ಷ ದಾಟಿತು. 2015ರಲ್ಲಿ ಕೌಂಟಿ ಕುಟುಂಬಕ್ಕೆ 29.5 ಲಕ್ಷ ಡಾಲರ್ ಕೊಟ್ಟಿತು. ಇಂಥ ದುಡ್ಡೂ ಕೊನೆಗೆ ಕೌಂಟಿಯದೇ ಅಲ್ವಾ? ಅದೇ ವರ್ಷ ಕೂತ ಸಮಿತಿಯ ಸಲಹೆಯಿಂದ ಎರಡು ಕಾವಲು ಬಂದವು: ಸಾವು, ಗಂಭೀರ ಗಾಯದ ಪ್ರಕರಣ ನೋಡುವ ಸ್ವತಂತ್ರ ಆಡಿಟರ್, ಮತ್ತು ಅಧಿಕಾರ ದುರುಪಯೋಗದಂಥ ದೂರು ನೋಡುವ ಒಂಬತ್ತು ಮಂದಿ ನಾಗರಿಕರ ಸಮಿತಿ. ಸಮಿತಿಯ ಹಲ್ಲು ಅಷ್ಟು ಗಟ್ಟಿಯಲ್ಲ. ಪೊಲೀಸರು ಮುಗಿಸಿದ ತನಿಖೆ ಸರಿಯಿತ್ತಾ ಅಂತ ನೋಡಬಹುದು, ತಾನೇ ತನಿಖೆ ಮಾಡುವ ಹಾಗಿಲ್ಲ.

2023ರ ಫೆಬ್ರವರಿಯಲ್ಲಿ ಟೈಸನ್ಸ್ ಮಾಲ್ ಹೊರಗೆ ಮತ್ತೊಂದು ಆಯಿತು. ತಂಪು ಕನ್ನಡಕ ಕದ್ದ ಆರೋಪದ ಮೇಲೆ ಅಟ್ಟಿಸಿಕೊಂಡು ಹೋಗಿ ತಿಮೊಥಿ ಜಾನ್ಸನ್ ಎಂಬವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅವರು ಸತ್ತರು. ಅವರ ಬಳಿಯೂ ಆಯುಧ ಇರಲಿಲ್ಲ. ಈ ಸಲ ಬಾಡಿ ಕ್ಯಾಮೆರಾ ವಿಡಿಯೋ ಒಂದು ತಿಂಗಳಲ್ಲಿ ಹೊರಬಂತು. ಗುಂಡು ಹಾರಿಸಿದ ಸಾರ್ಜೆಂಟ್‌ನನ್ನು ಚೀಫ್ ಕೆಲಸದಿಂದ ತೆಗೆದರು. 2024ರಲ್ಲಿ ಜೂರಿ ಅವನನ್ನು ಉದ್ದೇಶವಿಲ್ಲದ ನರಹತ್ಯೆಯ ಆರೋಪದಿಂದ ಬಿಟ್ಟು, ಬೇಜವಾಬ್ದಾರಿಯಿಂದ ಗುಂಡು ಹಾರಿಸಿದ್ದಕ್ಕೆ ತಪ್ಪಿತಸ್ಥ ಅಂದಿತು. 2025ರ ಫೆಬ್ರವರಿ ಕೊನೆಗೆ ಮೂರು ವರ್ಷ ಶಿಕ್ಷೆ. ಎರಡೇ ದಿನಕ್ಕೆ ಆಗಿನ ರಾಜ್ಯಪಾಲ ಯಂಗ್‌ಕಿನ್ ಅದನ್ನು ಮೊಟಕು ಮಾಡಿ ಬಿಡಿಸಿದರು.

ನನಗೆ ಓಟಿಲ್ಲ, ಎಚ್1ಬಿ. ಬಜೆಟ್ ಬಗ್ಗೆ ನಾನು ಮಾತಾಡಬಹುದಾ?

ಮಾತಾಡಬಹುದು. ಪೌರತ್ವ ಯಾರೂ ಕೇಳುವುದಿಲ್ಲ. ಫೆಬ್ರವರಿಯಲ್ಲಿ ಕೌಂಟಿ ಎಕ್ಸಿಕ್ಯುಟಿವ್, ಅಂದರೆ ಆಡಳಿತದ ಮುಖ್ಯಸ್ಥರು, ಕರಡು ಬಜೆಟ್ ಮುಂದಿಡುತ್ತಾರೆ. ಏಪ್ರಿಲ್‌ನಲ್ಲಿ ಸಾರ್ವಜನಿಕ ವಿಚಾರಣೆ. ಮೇ ತಿಂಗಳಲ್ಲಿ ಬೋರ್ಡ್ ಒಪ್ಪುತ್ತದೆ, ಜುಲೈ 1ಕ್ಕೆ ಜಾರಿ. ವಿಚಾರಣೆಗೆ ಮೊದಲು ಬೋರ್ಡಿನ ಕ್ಲರ್ಕ್ ಕಚೇರಿಯಲ್ಲಿ ಹೆಸರು ಬರೆಸಬೇಕು. ಬರಲಾಗದವರು ಫೋನ್ ಅಥವಾ ವಿಡಿಯೋದಲ್ಲೂ ಹೇಳಬಹುದು.

ಗವರ್ನಮೆಂಟ್ ಸೆಂಟರ್‌ನ ಆ ಸಭಾಂಗಣಕ್ಕೆ ನಾನು ಮೊದಲ ಸಲ ಹೋದಾಗ ನನ್ನ ಮುಂದಿದ್ದ ಅಜ್ಜಿಯೊಬ್ಬರು ಮಡಚಿದ ಹಾಳೆ ಬಿಡಿಸಿ, ತಮ್ಮ ಬೀದಿಯಲ್ಲಿ ಕಾರುಗಳು ಓಡುವ ವೇಗದ ಬಗ್ಗೆ ಓದಿದರು. ಹತ್ತು ಮಂದಿ ಸೂಪರ್‌ವೈಸರ್‌ಗಳು ಎದುರಿಗೆ ಕೂತು ಕೇಳುತ್ತಿದ್ದರು. ಸಿಗುವುದು ಮೂರು ನಿಮಿಷ. ಮೈಕ್ ಎದುರು ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿಕೊಂಡು ಹೋಗಿ. ನನ್ನ ಕಾಗದ ಇನ್ನೂ ಅರ್ಧ ಇರುವಾಗಲೇ ಮೂರು ನಿಮಿಷ ಮುಗಿದಿತ್ತು.